ಮೇಲಿನ ಹಲಗೆಯ ಭರಣಿ

ಫೆಬ್ರವರಿ 9

ಜುಲೈ ಹದಿನಾಲ್ಕಕ್ಕೆ ನಾನು ಭಿಕ್ಷು. ವಿಹಾರದ ದೊಡ್ಡ ಭಂತೇ ದಿನ ನೋಡಿ ಹೇಳಿದ್ದೇ ತಡ, ಅಮ್ಮ ದಾರಿಯುದ್ದಕ್ಕೂ ಮನೆಮನೆಗೆ ಸಾರುತ್ತ ಬಂದಳು. ಮಳೆಗಾಲದ ಮೂರು ತಿಂಗಳು ವಿಹಾರದಲ್ಲಿ ಇರುವುದು, ಆಮೇಲೆ ಚೀವರ, ಅಂದರೆ ಭಿಕ್ಷುವಿನ ಬಟ್ಟೆ, ಬಿಚ್ಚಿ ನವೆಂಬರಿನಲ್ಲಿ ಬುವಾಳ ಜೊತೆ ಮದುವೆ. ಭಿಕ್ಷುವಾಗಿ ಬರದ ಗಂಡಸು ನಮ್ಮ ಲಂಪಾಂಗ್ ಕಡೆ ‘ಹಸಿ ಮನುಷ್ಯ’. ಬುವಾಳ ಅಪ್ಪ ಹೋದ ವರ್ಷವೇ ಕಡ್ಡಿ ಮುರಿದ ಹಾಗೆ ಹೇಳಿದ್ದಾನೆ: “ನೀನೂ ಬಟ್ಟಲು ಕಾರ್ಖಾನೆಯೋನೇ. ಸುಡದೇ ಇರೋ ಬಟ್ಟಲಿಗೆ ಸಾರು ಹಾಕ್ತಾರೇನಪ್ಪಾ?”

ಅಮ್ಮನಿಗೆ ಅದಕ್ಕಿಂತ ದೊಡ್ಡ ಆಸೆ. ಮಗನ ಹಳದಿ ಚೀವರದ ಅಂಚು ಹಿಡಿದುಕೊಂಡೇ ತಾಯಿ ಸ್ವರ್ಗಕ್ಕೆ ಹೋಗಬೇಕು. ಅವಳಿಗಿರುವ ಮಗ ನಾನೊಬ್ಬನೇ. ಹೋದ ವರ್ಷ ಕಾಮಾಲೆ ಬಂದು ಮಲಗಿ ಎದ್ದ ಮೇಲಂತೂ ಅವಳ ಬಾಯಲ್ಲಿ ಇದೊಂದೇ ಮಾತು.

ಎಲ್ಲ ಸರಿ. ಆದರೆ ನನ್ನ ಬಲಗಡೆಯ ಎದೆ ಊದಿಕೊಂಡಿದೆ. ಎಡಗಡೆಯೂ ಸ್ವಲ್ಪ. ಚೀವರ ಮುಚ್ಚುವುದು ಎಡ ಹೆಗಲನ್ನು. ವಿಹಾರದೊಳಗೆ ಬಲ ಹೆಗಲು ಬರಿದು. ತಿರುಗಾಮುರುಗಾ ಆಗಿದ್ದರೆ ಈ ಡೈರಿಯೇ ಬೇಕಿರಲಿಲ್ಲ. ಅದಕ್ಕೂ ಮೊದಲು ತಲೆ, ಹುಬ್ಬು ಬೋಳಿಸಿ, ಒಂದು ತುಂಡು ಬಟ್ಟೆಯಲ್ಲಿ ಕೂರಿಸಿ, ಊರಿನ ಹಿರಿಯರೆಲ್ಲ ಸಾಲಾಗಿ ಬಂದು ಮೈಮೇಲೆ ನೀರು ಹುಯ್ಯುತ್ತಾರೆ. ಅಷ್ಟೂ ಜನರ ಕಣ್ಣು!

ಕಾರ್ಖಾನೆಯಿಂದ ಬಟ್ಟಲಿನ ಬಾಯಿ ಅಳೆಯುವ ಕೈವಾರ ತಂದಿದ್ದೇನೆ. ಬಲ ಮೂರು ಸೆಂಟಿಮೀಟರ್, ಎಡ ಒಂದೂವರೆ. ಮುಟ್ಟಿದರೆ ನೋವು. ಒಳಗೆ ರಬ್ಬರಿನ ಬಿಲ್ಲೆ ಇಟ್ಟ ಹಾಗಿದೆ.

ಫೆಬ್ರವರಿ 21

ಬಲ ಮೂರೂಕಾಲು.

ಇವತ್ತಿನಿಂದ ದೊಡ್ಡ ಭಂತೇ ಪಾಳಿ ಭಾಷೆಯ ಪಾಠ ಶುರುಮಾಡಿದರು. ದೀಕ್ಷೆಯ ದಿನ ಸಂಘದ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಮೊದಲ ಐದು ರೋಗದ ಪ್ರಶ್ನೆ. ಕುಷ್ಠ ಇದೆಯೇ? ‘ನತ್ಥಿ ಭಂತೇ’, ಇಲ್ಲ ಸ್ವಾಮಿ. ಎರಡನೆಯದು ಗಂಡೋ, ಅಂದರೆ ಗಡ್ಡೆ, ಬಾವು. ಅದಕ್ಕೂ ‘ನತ್ಥಿ ಭಂತೇ’. ಆಮೇಲೆ ಮನುಷ್ಯನೇ, ಪುರುಷನೇ ಅಂತೆಲ್ಲ ಕೇಳುತ್ತಾರೆ. ಅದಕ್ಕೆ ‘ಆಮ ಭಂತೇ’, ಹೌದು ಸ್ವಾಮಿ.

ಎರಡನೆಯದಕ್ಕೆ ಬರುತ್ತಿದ್ದ ಹಾಗೆ ನನ್ನ ನಾಲಿಗೆ ಅಂಟಿಕೊಂಡಿತು.

“ಏನಯ್ಯಾ ಟೂನ್, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿತಾ?” ಅಂದರು ಭಂತೇ.

ಇಲ್ಲ ಅಂದೆ. ಗಡ್ಡೆ ಇಟ್ಟುಕೊಂಡು ಇಲ್ಲ ಅಂದರೆ, ಸಂಘದ ಮುಂದೆ ನಾನಾಡುವ ಎರಡನೇ ಮಾತೇ ಸುಳ್ಳು. ಆ ಸುಳ್ಳಿನ ಚೀವರದ ಅಂಚು ಹಿಡಿದು ಅಮ್ಮ ಎಲ್ಲಿಯವರೆಗೆ ಹೋದಾಳು? ಅರ್ಧ ದಾರಿಯಲ್ಲಿ ಬಟ್ಟೆ ಹರಿದರೆ?

ಮಾರ್ಚ್ 6

ಬಲ ಮೂರೂವರೆ. ಗಂಡಸುತನ ಕಡಿಮೆಯಾಗುತ್ತಿದೆ, ಬೇರೇನಲ್ಲ. ಇವತ್ತಿನಿಂದ ಗುಳಿಗೆ ಎರಡರ ಬದಲು ನಾಲ್ಕು.

ಗುಳಿಗೆಯ ವಿಷಯ ಇಲ್ಲಿ ಬರೆದೇ ಇಲ್ಲ. ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ ಕೇವ್, ಕಾಡಿನ ಕ್ವಾವ್ ಗೆಡ್ಡೆಯನ್ನು ಒಣಗಿಸಿ, ಕುಟ್ಟಿ, ಜೇನಿನಲ್ಲಿ ಕಲಸಿ ಗುಳಿಗೆ ಕಟ್ಟುತ್ತಾಳೆ. ಕೆಂಪು ಗೆಡ್ಡೆಯದು ಗಂಡಸರ ಕಸುವಿಗೆ, ಬಿಳಿ ಗೆಡ್ಡೆಯದು ಹೆಂಗಸರ ಯೌವನಕ್ಕೆ. ಶುಕ್ರವಾರದ ಸಂತೆಯಲ್ಲಿ ಅವಳ ಮುಂದೆ ನಿಲ್ಲಲು ಜಾಗ ಇರುವುದಿಲ್ಲ. ಮದುವೆ ಮಾತು ಶುರುವಾದಾಗ, ಅಕ್ಟೋಬರಿನಲ್ಲಿ, ನನಗೂ ಒಂದು ಅಳುಕು. ಸ್ವಂತ ದೊಡ್ಡಮ್ಮನ ಹತ್ತಿರ ಕಸುವಿನ ಗುಳಿಗೆ ಕೊಡು ಅಂತ ಯಾವ ಮುಖ ಇಟ್ಟುಕೊಂಡು ಕೇಳುವುದು? ಅವಳು ಸಂತೆಗೆ ಹೋದಾಗ ಅಡುಗೆಮನೆಗೆ ನುಗ್ಗುತ್ತೇನೆ. ಮೇಲಿನ ಹಲಗೆಯಲ್ಲೊಂದು ಭರಣಿ, ಕೆಳಗಿನದರಲ್ಲೊಂದು. ಎರಡೂ ಕರಿ ಗುಳಿಗೆಯೇ, ಚೀಟಿ ಇಲ್ಲ. ಇದಕ್ಕೆ ಚೀಟಿ ಬೇರೆ ಬೇಕೇ? ನಮ್ಮ ಮನೆಯಲ್ಲಿ ಹೆಂಗಸರ ಲಂಗ ಗಂಡಸರ ಅಂಗಿಗಿಂತ ಮೇಲಿನ ಹಗ್ಗದಲ್ಲಿ ಒಣಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಗಂಡಸರದು ಯಾವಾಗಲೂ ಮೇಲೆ.

ಬಟ್ಟಲು ಸುಡುವ ಭಟ್ಟಿ ತುಂಬುವಾಗ ಸಕ್ ಇವತ್ತೂ ಬಿಡಲಿಲ್ಲ. ನನ್ನ ಜೊತೆಗಾರ, ವರ್ಷವಿಡೀ ಬರಿಮೈಯಲ್ಲೇ ಕೆಲಸ ಮಾಡುವವನು. “ಏನೋ ಟೂನ್, ಭಟ್ಟಿ ಮುಂದೆ ಎರಡೆರಡು ಅಂಗಿ! ಒಳಗೇನು ಬಚ್ಚಿಟ್ಟಿದೀಯೋ, ಮೊಟ್ಟೆಗೆ ಕಾವು ಕೊಡ್ತಿದೀಯಾ?” ಎಲ್ಲರೂ ನಕ್ಕರು. ಊಟದ ಹೊತ್ತಿಗೆ ಅವನೇ ಸಪ್ಪಗೆ ಪಕ್ಕದಲ್ಲಿ ಕೂತು, ಮದುವೆಯಾಗಿ ನಾಲ್ಕು ತಿಂಗಳಾಯಿತು, ರಾತ್ರಿಪಾಳಿ ಮಾಡಿ ಮನೆಗೆ ಹೋದರೆ ನಿದ್ದೆ ಬಿಟ್ಟು ಬೇರೇನೂ ಬರುವುದಿಲ್ಲ ಅಂತ ಗೊಣಗಿದ. ಅಯ್ಯೋ ಪಾಪ ಅನ್ನಿಸಿತು. ಸಂಜೆ ಹಾಲುಪುಡಿ ಡಬ್ಬಿಯ ತುಂಬ ಗುಳಿಗೆ ತುಂಬಿ ಕೊಟ್ಟೆ. ಪುಣ್ಯದ ಕೆಲಸ.

ಮಾರ್ಚ್ 18

ಇವತ್ತು ಮನೆಯಲ್ಲಿ ರಣರಂಗ. ದೊಡ್ಡಮ್ಮ ಬೆಳಿಗ್ಗೆ ಬಂದವಳೇ ಅಮ್ಮನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ನೋಡೇ, ಹೆಂಗಸರ ಗುಳಿಗೆ ಅರ್ಧ ಭರಣಿ ಮಾಯ ಆಗಿದೆ. ನನ್ನ ಅಡುಗೆಮನೆಗೆ ಬಂದು ಹೋಗೋ ಹೆಂಗಸು ನೀನೊಬ್ಬಳೇ. ಅರವತ್ತಮೂರಕ್ಕೆ ಯೌವನ ತಗೊಂಡು ಏನ್ ಮಾಡ್ತೀಯೇ?”

“ಯೌವನವಂತೆ ಯೌವನ! ಇರೋ ಮೊಣಕಾಲು ಸರಿಯಾಗಿದ್ರೆ ಸಾಕಾಗಿದೆ ನನಗೆ!” ಅಂತ ಅಮ್ಮ ಪೊರಕೆ ಎತ್ತಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನನ್ನ ಕೈ ತಾನಾಗಿ ಎದೆ ಮೇಲೆ ಹೋಯಿತು. ಆಮೇಲೆ ಸಮಾಧಾನ: ಕಳುವಾಗಿರುವುದು ಹೆಂಗಸರದು, ನಾನು ತೆಗೆಯುವುದು ಗಂಡಸರದು. ಅಂದರೆ ಅಮ್ಮ ನಿಜವಾಗಿಯೂ ಕದಿಯುತ್ತಿದ್ದಾಳೆ! ಪಾಪ, ತಿನ್ನಲಿ. ನಾನು ನೋಡಿದರೂ ನೋಡದವನ ಹಾಗೆ ಇರುತ್ತೇನೆ.

ಏಪ್ರಿಲ್ 2

ಬಲ ನಾಲ್ಕು. ಎಡ ಎರಡೂವರೆ. ಗುಳಿಗೆ ಆರು.

ಏಪ್ರಿಲ್ 14

ಹೊಸವರ್ಷದ ನೀರಾಟ. ಊರಿಗೆ ಊರೇ ಬೀದಿಯಲ್ಲಿ ಒದ್ದೆಯಾಗಿ ಕುಣಿಯುವಾಗ ನಾನು ಬನಿಯನ್ನು, ಅಂಗಿ, ಮೇಲೊಂದು ಮಳೆಕೋಟು ಹಾಕಿ ನಿಂತಿದ್ದೆ. ನಲವತ್ತು ಡಿಗ್ರಿ ಬಿಸಿಲು. ಬುವಾ ದೂರದಿಂದಲೇ ಕೂಗಿದಳು, “ಏ ಟೂನ್, ಮೀನು ಹಿಡಿಯೋಕೆ ಹೊರಟ್ಯಾ?” ಕೂಗಿದವಳೇ ಐಸು ಹಾಕಿದ ಬಕೀಟು ನೀರನ್ನು ಎಸೆದಳು. ನೀರಲ್ಲ, ಬಕೀಟೇ ಬಂದು ಎದೆಗೆ ಬಡಿಯಿತು.

ನಾನು ಕೂತಲ್ಲೇ ಮುದುಡಿದೆ. ಕಣ್ಣಲ್ಲಿ ನೀರು. ಅದೊಂದು ಅನುಕೂಲ, ಯಾರಿಗೂ ಗೊತ್ತಾಗಲಿಲ್ಲ. ಆದರೆ ಬುವಾಳಿಗೆ ಗೊತ್ತಾಯಿತು. ನಮ್ಮ ಕಾರ್ಖಾನೆಯಲ್ಲಿ ದಿನಕ್ಕೆ ಮುನ್ನೂರು ಬಟ್ಟಲಿನ ಮೇಲೆ ಮುನ್ನೂರು ಹುಂಜ ಬರೆಯುವವಳ ಕಣ್ಣು ಅದು. ಹುಣಸೆಮರದ ಹಿಂದೆ ಎಳೆದುಕೊಂಡು ಹೋಗಿ ಕೋಟಿನ ಗುಂಡಿ ಬಿಚ್ಚಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ಮದುವೆ ಮುರಿಯಿತು, ಅಮ್ಮನ ಸ್ವರ್ಗವೂ ಹೋಯಿತು ಅಂತಲೇ ಅಂದುಕೊಂಡೆ.

“ಎಷ್ಟು ದಿನದಿಂದ?”

“ಡಿಸೆಂಬರಿಂದ.”

“ನೋವಿದ್ಯಾ?”

“ಹೂಂ.”

“ನಾಲ್ಕು ತಿಂಗಳು ನೋವು ತಿಂದ್ಕೊಂಡು ಮಳೆಕೋಟು ಹಾಕ್ಕೊಂಡು ತಿರುಗೋದಕ್ಕೆ ನೀನೇನು ಹುಚ್ಚನಾ? ಕ್ಯಾನ್ಸರ್ ಗಿನ್ಸರ್ ಆಗಿದ್ರೆ ಏನೋ ಗತಿ?” ಅಂದು ಅವಳೇ ಅತ್ತುಬಿಟ್ಟಳು. ಆಮೇಲೆ ಮೂಗು ಒರೆಸಿಕೊಂಡು, “ರಜ ಮುಗಿದ ತಕ್ಷಣ ಡಾಕ್ಟ್ರ ಹತ್ರ ಹೋಗ್ತಿದೀವಿ. ಇಲ್ಲಾಂದ್ರೆ ಇನ್ನೊಂದು ಬಕೀಟು ಇದೆ” ಅಂದಳು.

ಏಪ್ರಿಲ್ 20

ದೊಡ್ಡಾಸ್ಪತ್ರೆ. ಡಾಕ್ಟರು ಹೆಂಗಸು. ಹಾಗೇ ಎದ್ದು ಓಡಿಹೋಗೋಣ ಅಂದುಕೊಂಡೆ, ಬುವಾ ಬಾಗಿಲಲ್ಲೇ ಕೂತಿದ್ದಳು. ಡಾಕ್ಟರು ಎರಡು ಬೆರಳಲ್ಲಿ ಎದೆ ಒತ್ತಿ ನೋಡಿದರು, ಕಂಕುಳು ನೋಡಿದರು, ಆಮೇಲೆ ಪ್ಯಾಂಟು ಬಿಚ್ಚಿ ಅಂದರು.

“ಮೇಡಂ, ತೊಂದರೆ ಇರೋದು ಮೇಲೆ.”

“ಗೊತ್ತಪ್ಪಾ. ಕಾರಣ ಕೆಳಗೂ ಇರಬಹುದಲ್ಲ. ಬೀಜದಲ್ಲಿ ಏನಾದ್ರೂ ಗಂಟಿದ್ರೂ ಎದೆ ಬೆಳೆಯುತ್ತೆ.”

ಅಲ್ಲಿ ಎಲ್ಲ ಸರಿಯಾಗಿದೆಯಂತೆ. ರಕ್ತ ತೆಗೆದರು, ಎದೆ ಸ್ಕ್ಯಾನ್ ಮಾಡಿದರು. ಹೆಂಡ ಎಷ್ಟು, ಗಾಂಜಾ ಉಂಟೋ, ಮೈ ಬೆಳೆಸುವ ಇಂಜೆಕ್ಷನ್ ಉಂಟೋ, ಹೊಟ್ಟೆಹುಣ್ಣಿಗೆ, ರಕ್ತದೊತ್ತಡಕ್ಕೆ ಯಾವುದಾದರೂ ಔಷಧಿ ಉಂಟೋ ಅಂತ ಉದ್ದಕ್ಕೂ ಕೇಳಿದರು. ಯಾವ ಔಷಧಿಯೂ ಇಲ್ಲ ಅಂದೆ. ಸತ್ಯವಾಗಿ ಹೇಳಿದೆ. ಗೆಡ್ಡೆ ಔಷಧಿಯಲ್ಲವಲ್ಲ, ಗೆಡ್ಡೆ.

ಮೇ 4

ಹೇಗೆ ಬರೆಯಲಿ!

ಡಾಕ್ಟರು ವರದಿ ತಿರುವಿಹಾಕುತ್ತ ಮೊದಲು ಒಳ್ಳೆಯ ಸುದ್ದಿ ಹೇಳಿದರು. ಕ್ಯಾನ್ಸರ್ ಅಲ್ಲ. ಬರೀ ಕೊಬ್ಬೂ ಅಲ್ಲ. ಹೆಂಗಸರ ಎದೆಯಲ್ಲಿ ಬೆಳೆಯುವ ಅಂಗಾಂಶವೇ ಗಂಡಸರಲ್ಲೂ ಚೂರು ಇರುತ್ತದಂತೆ, ಸುಮ್ಮನೆ ಮಲಗಿರುತ್ತದಂತೆ. ಗಂಡಸಿನ ಮೈಯಲ್ಲಿ ಹೆಣ್ಣು ಹಾರ್ಮೋನೂ ಸ್ವಲ್ಪ ಓಡಾಡುತ್ತದೆ. ತಕ್ಕಡಿ ಆ ಕಡೆ ವಾಲಿದರೆ ಮಲಗಿದ್ದು ಎದ್ದು ಕೂರುತ್ತದೆ. “ಹದಿಮೂರು ಹದಿನಾಲ್ಕನೇ ವಯಸ್ಸಲ್ಲಿ ಅರ್ಧಕ್ಕರ್ಧ ಹುಡುಗರಿಗೆ ಬಂದು ತಾನಾಗೇ ಹೋಗುತ್ತೆ. ಮುದುಕರಿಗೂ ಬರುತ್ತೆ. ಯಾರೂ ಹೇಳ್ಕೊಳ್ಳಲ್ಲ, ಅಷ್ಟೇ. ಆದರೆ ಇಪ್ಪತ್ತೊಂಬತ್ತಕ್ಕೆ ನಿಮಗ್ಯಾಕೆ? ನಿಮ್ಮ ರಕ್ತ ನೋಡಿದ್ರೆ ಯಾರೋ ದಿನಾ ಗರ್ಭನಿರೋಧಕ ಮಾತ್ರೆ ತಿನ್ನಿಸ್ತಿರೋ ಹಾಗಿದೆ.”

“ಏನೂ ತಿನ್ನಲ್ಲ ಮೇಡಂ. ಕೆಂಪು ಕ್ವಾವ್ ಗುಳಿಗೆ ಬಿಟ್ರೆ.”

ಅವರು ಕನ್ನಡಕ ಕೆಳಗಿಟ್ಟರು. “ಕೆಂಪೇನಾ? ಬಿಳಿ ಅಲ್ವಾ?”

“ಕೆಂಪೇ. ಮೇಲಿನ ಹಲಗೆಯದು.”

ಬುವಾ ನನ್ನ ಕಡೆ ನಿಧಾನಕ್ಕೆ ತಿರುಗಿದಳು. “ಟೂನ್, ನಿಮ್ಮ ದೊಡ್ಡಮ್ಮನ ಹೆಂಗಸರ ಗುಳಿಗೆ ತಾನೇ ಕಳುವಾಗಿದ್ದು?”

ಆಸ್ಪತ್ರೆಯಿಂದ ಸೀದಾ ದೊಡ್ಡಮ್ಮನ ಮನೆಗೆ ಹೋದೆವು. “ಮೇಲಿನದು ಹೆಂಗಸರದ್ದು ಕಣೋ!” ಅಂತ ಅವಳು ತಲೆ ಚಚ್ಚಿಕೊಂಡಳು. “ದಿನಾ ಬಾಗಿಲು ತಟ್ಟೋರು ಗಂಡಸರು. ಹತ್ತು ಜನ ಬಂದ್ರೆ ಹತ್ತು ಸಲ ಸ್ಟೂಲು ಹತ್ತಿ ಇಳಿಯೋಕೆ ನನ್ನ ಮೊಣಕಾಲೇನು ಕಬ್ಬಿಣದ್ದಾ? ಅದಕ್ಕೇ ಅವರದ್ದನ್ನ ಕೆಳಗಿಟ್ಟೆ.”

“ಗಂಡಸರದ್ದು ಕೆಳಗೆ ಇಡಬಹುದಾ ದೊಡ್ಡಮ್ಮ?”

“ನೋಡೋರು ಯಾರು ಅಂತ ಇಟ್ಟೆ! ಕದಿಯೋ ಮುಂಡೇದು ಒಂದು ಬಾರಿ ಬಾಯಿಬಿಟ್ಟು ಕೇಳಬಾರದಾ?”

ಹೆಚ್ಚುಕಡಿಮೆ ಏಳು ತಿಂಗಳು. ಎದೆ ಬೆಳೆದಿದೆ ಅಂತ ಗುಳಿಗೆ, ಗುಳಿಗೆ ತಿಂದು ಎದೆ. ಮಾಡಿದ್ದುಣ್ಣೋ ಮಹರಾಯ. ಅಮ್ಮ ಮಾತ್ರ ಎಲ್ಲ ಕೇಳಿ, ಅಕ್ಕನ ಕಡೆ ಬೆರಳು ತೋರಿಸಿ ಒಂದೇ ಮಾತು ಹೇಳಿದಳು: “ನನ್ನನ್ನ ಕಳ್ಳಿ ಅಂದ್ಯಲ್ಲ!” ಆಮೇಲೆ ನನ್ನ ತಲೆ ಸವರಿದಳು.

ಮನೆಯಲ್ಲಿ ಉಳಿದಿದ್ದ ಗುಳಿಗೆಯನ್ನೆಲ್ಲ ವಾಂಗ್ ನದಿಗೆ ಸುರಿದು ಬಂದೆ. ಮೀನುಗಳು ಏನಾಗುತ್ತವೋ.

ಮೇ 23

ನೋವು ಹೋಯಿತು! ಬಲ ಮೂರು. ಡಾಕ್ಟರು ಹೇಳಿದ್ದು ಹೀಗೇ: ಮೊದಲು ನೋವು ಹೋಗುತ್ತದೆ, ಆಮೇಲೆ ನಿಧಾನಕ್ಕೆ ಕರಗುತ್ತದೆ. ಬೇಗ ಬಂದಿದ್ದು ಒಳ್ಳೆಯದಾಯಿತಂತೆ. ವರ್ಷಗಟ್ಟಲೆ ಬಿಟ್ಟಿದ್ದರೆ ಒಳಗೇ ಗಟ್ಟಿಯಾಗಿ ಕೂತು, ಸಣ್ಣ ಆಪರೇಷನ್ ಮಾಡಿ ತೆಗೆಯಬೇಕಾಗುತ್ತಿತ್ತು. ಈಗ ಗುಳಿಗೆ ಬಿಟ್ಟಿದ್ದೇ ಔಷಧಿ. ಆಗಸ್ಟಿನಲ್ಲಿ ಮತ್ತೆ ಬರಬೇಕು.

ಜುಲೈಗೆ ಪೂರ್ತಿ ಹೋಗುತ್ತದೆಯೇ ಅಂದರೆ, “ಅದನ್ನ ನಿಮ್ಮ ಎದೆಗೇ ಕೇಳಿ” ಅಂದುಬಿಟ್ಟರು.

ಇವತ್ತು ಭಟ್ಟಿ ಬಾಗಿಲು ತೆಗೆಯುವಾಗ ಸೆಖೆ ತಾಳಲಾರದೆ ಒಂದು ಅಂಗಿ ತೆಗೆದೆ. ಸಕ್ ಯಾಕೋ ಗಮನಿಸಲೇ ಇಲ್ಲ. ಅವನೇ ಅಂಗಿ ಹಾಕಿಕೊಂಡಿದ್ದ. ಶೀತ ಆಗಿದೆಯಂತೆ, ಈ ಬೇಸಿಗೆಯಲ್ಲಿ!

ಜೂನ್ 15

ಇನ್ನೊಂದೇ ತಿಂಗಳು. ಬಲ ಎರಡೂಕಾಲು. ಕಡಿಮೆಯಾಗಿದೆ, ಆದರೆ ಇದೆ. ಇದ್ದದ್ದನ್ನು ಇಲ್ಲ ಅನ್ನುವುದು ಹೇಗೆ? ತಡೆಯಲಾರದೆ ದೊಡ್ಡ ಭಂತೇ ಹತ್ತಿರ ಹೋದೆ. ಬೋಧಿಮರದ ಕೆಳಗೆ ಕೂತು ಪೊರಕೆ ಕಟ್ಟುತ್ತಿದ್ದರು.

“ಭಂತೇ, ನನ್ನ ಸ್ನೇಹಿತನೊಬ್ಬನಿಗೆ...”

“ಯಾವ ಸ್ನೇಹಿತ? ಅಂಗಿಯೊಳಗೆ ಇದ್ದಾನಲ್ಲ, ಅವನಾ? ನಿಮ್ಮ ದೊಡ್ಡಮ್ಮ ಬಂದು ಇಲ್ಲಿ ಅತ್ತು ಹೋಗಿ ತಿಂಗಳಾಯ್ತು.”

ಹೇಳಿದೆ. ಎರಡನೇ ಪ್ರಶ್ನೆಗೆ ನತ್ಥಿ ಅಂದರೆ ಸುಳ್ಳಾಗುತ್ತದೆ, ಆಮ ಅಂದರೆ ದೀಕ್ಷೆ ಇಲ್ಲ, ದೀಕ್ಷೆ ಇಲ್ಲದಿದ್ದರೆ ಅಮ್ಮ ಉಳಿಯುವುದಿಲ್ಲ ಅಂದೆ. ಬಿಸಿತುಪ್ಪ, ಉಗುಳುವಂತಿಲ್ಲ ನುಂಗುವಂತಿಲ್ಲ.

ಭಂತೇ ಪೊರಕೆಯ ಗಂಟು ಬಿಗಿದರು. “ಹಿಂದೆ ರೋಗ ಹಿಡಿದೋರೆಲ್ಲ ಇಲ್ಲಿ ವೈದ್ಯ ಸಿಗ್ತಾನೆ ಅಂತ ಚೀವರ ತೊಡೋಕೆ ಬರ್ತಿದ್ರಂತೆ. ಅದಕ್ಕೆ ಹುಟ್ಟಿದ ಪ್ರಶ್ನೆ ಅದು. ಮೈಯಲ್ಲಿ ಕೊಳೀತಿರೋ, ಹರಡೋ ಗಡ್ಡೆ ಇದ್ಯಾ ಅಂತ ಕೇಳೋದು. ಡಾಕ್ಟ್ರು ಏನಂದ್ರು, ರೋಗ ಅಂದ್ರಾ?”

“ಇಲ್ಲ ಭಂತೇ. ಮಲಗಿದ್ದದ್ದು ಎದ್ದಿದೆ, ಮತ್ತೆ ಮಲಗುತ್ತೆ ಅಂದ್ರು.”

“ಮತ್ತೆ ನತ್ಥಿ ಅನ್ನೋಕೆ ನಿನಗೇನು ರೋಗ?” ಅಂದವರು ಪೊರಕೆ ಬದಿಗಿಟ್ಟು ನೆಟ್ಟಗೆ ಕೂತರು. “ನನ್ನನ್ನ ನೋಡು.”

ನೋಡಿದೆ. ಎಪ್ಪತ್ತೆಂಟರ ಮುದುಕ. ಬಲಗಡೆ ಎದೆ ಇಳಿಬಿದ್ದಿತ್ತು, ಸಾಕಷ್ಟು ದೊಡ್ಡದು. ನನ್ನದು ಅದರ ಮುಂದೆ ಏನೂ ಅಲ್ಲ.

“ಹತ್ತು ವರ್ಷ ಆಯ್ತು ಹೀಗಾಗಿ. ವಾರಕ್ಕೆರಡು ಸಲ ನನ್ನೆದುರು ಮೊಣಕಾಲೂರಿ ತಟ್ಟೆ ಇಡ್ತೀಯ. ಇವತ್ತಿನ ತನಕ ನೋಡಿದ್ಯಾ?”

ನೋಡಿರಲಿಲ್ಲ. ದೇವರಾಣೆಗೂ ನೋಡಿರಲಿಲ್ಲ!

“ಯಾರು ನೋಡ್ತಾರೆ ಮಗಾ? ಬರೋರಿಗೆಲ್ಲ ಅವರವರ ಚಿಂತೆ. ತಗೋ, ಆ ಕಡೆ ಅಂಗಳ ಗುಡಿಸು.”

ಗುಡಿಸಿ ಬಂದೆ. ಎರಡು ಗಂಟೆ ಹಿಡಿಯಿತು. ಮಾವಿನ ಎಲೆ ಈ ವರ್ಷ ವಿಪರೀತ.

ಜುಲೈ 15

ನಿನ್ನೆ ಆಯಿತು. ಹುಬ್ಬಿಲ್ಲದ ಹಣೆ ಕೆರೆಯುತ್ತಿದೆ.

ಅಮ್ಮ ಮೊದಲ ಕೂದಲು ಕತ್ತರಿಸುವಾಗ ಕತ್ತರಿ ಜಾರಿ ಕಿವಿಗೆ ತಾಗಿತು. ಕಮಲದ ಎಲೆಯಲ್ಲಿ ಕೂದಲು ಹಿಡಿದು ನಿಂತ ಬುವಾ, “ಕಿವಿ ಬಿಡಿ ಅತ್ತೆ, ನವೆಂಬರಿಗೆ ಬೇಕು” ಅಂದಳು. ಹಿರಿಯರೆಲ್ಲ ಬಂದು ನೀರು ಹುಯ್ದರು. ದೊಡ್ಡಮ್ಮ ಮೂರು ತಂಬಿಗೆ ಹೆಚ್ಚು ಹುಯ್ದು ಬಿಕ್ಕಿದಳು. ಬುವಾಳ ಅಪ್ಪ ಹೆಗಲು ತಟ್ಟಿ, “ಸರಿಯಾಗಿ ಬೇಯಪ್ಪಾ” ಅಂದ. ನೀರು ತಣ್ಣಗಿತ್ತು. ಬಿಸಿಲಿಗೆ ಹಿತವಾಯಿತು.

ಮೆರವಣಿಗೆಯಲ್ಲಿ ಕಾರ್ಖಾನೆಯವರೆಲ್ಲ ಅಂಗಿ ಕಳಚಿ ಕುಣಿದರು. ಸಕ್ ಮಾತ್ರ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಹಿಂದೆ ನಿಂತಿದ್ದ. ಊರಿಗೆಲ್ಲ ಮೊದಲು ಕುಣಿಯುವವನು! ಹೆಂಡತಿ ಜೊತೆ ಜಗಳವೋ ಏನೋ.

ಪ್ರಶ್ನೆಗಳನ್ನು ಸಂಘದ ಸಭೆಯ ಹೊರಗೊಮ್ಮೆ ಒಳಗೊಮ್ಮೆ ಕೇಳಿದರು. ಐದು ನತ್ಥಿ, ಎಂಟು ಆಮ. ಎಲ್ಲಿಯೂ ತಡವರಿಸಲಿಲ್ಲ. ‘ಪುರುಷನೇ’ ಅನ್ನುವುದಕ್ಕೆ ಮಾತ್ರ ಸ್ವಲ್ಪ ಜೋರಾಗಿ ಕೂಗಿದೆ ಅಂತ ಭಂತೇ ನಕ್ಕರು.

ಆಮೇಲೆ ಅಮ್ಮ ನನ್ನೆದುರು ಮೊಣಕಾಲೂರಿ ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸಿದಳು. ನನಗೆ ಎದ್ದು ಓಡಬೇಕು ಅನ್ನಿಸಿತು. ಏಳುವಾಗ ಅವಳ ಮೊಣಕಾಲು ಕಟಕ್ ಅಂತು. ಎಬ್ಬಿಸಲು ಕೈ ಚಾಚಿದೆ. ಭಿಕ್ಷುವಾದವನು ಇನ್ನು ಹೆಂಗಸರನ್ನು, ತಾಯಿಯನ್ನೂ, ಮುಟ್ಟುವ ಹಾಗಿಲ್ಲ ಅಂತ ನೆನಪಾಗಿ ಹಿಂದೆಗೆದುಕೊಂಡೆ. ಅವಳೇ ನೆಲಕ್ಕೆ ಕೈಯೂರಿ ಎದ್ದು, ನಕ್ಕಳು. “ಸುಮ್ನಿರಿ ಭಂತೇ. ಇನ್ನು ನನಗೆ ಹಿಡ್ಕೊಳ್ಳೋಕೆ ಅಂಚು ಇದೆ.” ನನ್ನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಆಗಸ್ಟ್ 11

ಬೆಳಗಿನ ಪ್ರಾರ್ಥನೆ, ಭಿಕ್ಷೆ, ಬಾವಿಕಟ್ಟೆಯಲ್ಲಿ ಸ್ನಾನ, ಗುಡಿಸುವುದು. ಮಧ್ಯಾಹ್ನದ ಮೇಲೆ ಊಟವಿಲ್ಲ. ಸಂಜೆ ಹೊತ್ತಿಗೆ ಹುರಿದ ಹಂದಿ ಚರ್ಮದ ಕನಸು. ಆಸ್ಪತ್ರೆಗೆ ಮೊನ್ನೆಯೇ ಹೋಗಬೇಕಿತ್ತಂತೆ, ಬುವಾ ಹೇಳಿಕಳಿಸಿದಾಗಲೇ ನೆನಪಾಯಿತು. ಮುಂದಿನ ವಾರ ಹೋದರಾಯಿತು.

ಆಗಸ್ಟ್ 19

ಊಟದ ಮೇಲೆ ಸಕ್ ಬಂದ. ಸಭಾಂಗಣದಲ್ಲಿ ನಾನೊಬ್ಬನೇ ಇದ್ದೆ. ಮೂರು ಸಲ ನಮಸ್ಕರಿಸಿ, ನನ್ನ ಎದುರಿಗೇ, ಮೂರಡಿ ದೂರದಲ್ಲಿ ತಲೆ ತಗ್ಗಿಸಿ ಕೂತ. ಅರ್ಧ ಗಂಟೆ ಮಳೆ, ಬಟ್ಟಲಿನ ಮೆರುಗು, ಭಟ್ಟಿ, ಕಾಣೆಯಾದ ಕೈವಾರ ಅಂತೆಲ್ಲ ಮಾತಾಡಿದ. ಕೊನೆಗೆ ಅಂಗಿಯ ಮೇಲೆ ಕೈಯಿಟ್ಟುಕೊಂಡ.

“ಭಂತೇ, ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ನನಗಿಲ್ಲಿ ಎದೆ ಬೆಳೀತಾ ಇದೆ. ಏನು ಪಾಪ ಮಾಡಿದ್ನೋ.”

ಹಾಲುಪುಡಿ ಡಬ್ಬಿ!

“ಸಕ್, ಮಾರ್ಚಿನಲ್ಲಿ ನಾನೊಂದು ಡಬ್ಬಿ ಕೊಟ್ಟಿದ್ದೆ.”

“ಹೂಂ ಭಂತೇ, ಅದೊಂದೇ ಆಸರೆ. ಅದಿಲ್ಲದೇ ಇದ್ದಿದ್ರೆ ಇನ್ನೂ ಎಷ್ಟು ಬೆಳೀತಿತ್ತೋ! ಹೋದ ವಾರ ಖಾಲಿ ಆಯ್ತು. ಇನ್ನೊಂದು ಡಬ್ಬಿ ಸಿಗುತ್ತಾ ಅಂತ ಕೇಳೋಣ ಅಂತಾನೇ...”

ಭಿಕ್ಷು ಸುಳ್ಳಾಡುವಂತಿಲ್ಲ. ಸುಮ್ಮನಿರಬಹುದಿತ್ತು. ಅವನ ಮುಖ ನೋಡಿದೆ. ಎಲ್ಲವನ್ನೂ ಹೇಳಿದೆ, ಮೇಲಿನ ಹಲಗೆಯಿಂದ ಹಿಡಿದು. ಬರಿದಾಗಿದ್ದ ಬಲ ಎದೆ ತೋರಿಸಿ, “ಇಲ್ಲಿ ನೋಡು, ನನ್ನದು ಇನ್ನೂ ಪೂರ್ತಿ ಹೋಗಿಲ್ಲ” ಅಂದೆ.

ಅವನು ಬಾಯಿಬಿಟ್ಟುಕೊಂಡು ನೋಡಿದ. “ಅರ್ಧ ಗಂಟೆಯಿಂದ ಎದುರಿಗೇ ಕೂತಿದೀನಿ. ಕಾಣ್ಲೇ ಇಲ್ವಲ್ಲ ನನಗೆ!” ಆಮೇಲೆ ವಿಷಯ ತಲೆಗೆ ಇಳಿಯಿತು. ಕಿವಿ ಕೆಂಪಾಯಿತು. “ಲೋ ಟೂನ್...” ಅಂತ ಮುಷ್ಟಿ ಎತ್ತಿದವನು ಚೀವರ ನೋಡಿ, ಎತ್ತಿದ ಕೈಗೆ ಇನ್ನೊಂದು ಕೈ ಸೇರಿಸಿ ಮುಗಿದ. “ಬದುಕಿಕೊಂಡ್ರಿ ಭಂತೇ. ಅಕ್ಟೋಬರಿನಲ್ಲಿ ಚೀವರ ಬಿಚ್ತೀರಲ್ಲ, ಆಗ ಮಾತಾಡೋಣ.” ಅಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಾನೂ ನಕ್ಕೆ. ಸಭಾಂಗಣದಲ್ಲಿ ಹಾಗೆ ನಗಬಾರದು.

ನಾಳೆ ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗುವುದು ಅಂತ ಆಯಿತು. ಮೆಟ್ಟಿಲು ಇಳಿಯುತ್ತಿದ್ದವನನ್ನು ಮತ್ತೆ ಕೂಗಿದೆ.

“ಕೈವಾರ ಅಮ್ಮನ ಮನೇಲಿ, ನನ್ನ ಹಾಸಿಗೆ ಕೆಳಗಿದೆ. ತಗೊಂಡು ಹೋಗಿ ಕಾರ್ಖಾನೆಗೆ ಕೊಟ್ಟುಬಿಡು ಸಕ್. ಮನೆಗೆ ಒಯ್ಯಬೇಡ.”